ಕಚೇರಿಯ ನಗೆ, ಕಡತದ ಒಲವು

ಕಳೆದ ಭಾನುವಾರ ಮಧ್ಯಾಹ್ನ ಊಟ ಮುಗಿಸಿ, ಎಲೆಯಡಿಕೆ ಹಾಕಿಕೊಂಡು, ಇನ್ನೇನು ಕಣ್ಣಿಗೆ ನಿದ್ರೆ ಹತ್ತಬೇಕೆನ್ನುವಷ್ಟರಲ್ಲಿ ಬಾಗಿಲ ಬಳಿ "ಕಾಕಾ ಹಾರೇನ್ರಿ?" ಎಂಬ ಧ್ವನಿ ಕೇಳಿಸಿತು. ಬೀದರದ ಬೇಸಗೆಯಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಪರರ ಮನೆಯ ಬಾಗಿಲು ತಟ್ಟುವವರು ಎರಡೇ ಬಗೆಯವರು: ಸಾಲ ಬೇಕಾದವರು ಮತ್ತು ಸಾಹಿತ್ಯ ರಚಿಸಿದವರು. ಬಂದವನು ಎರಡನೆಯ ಬಗೆಯವನೆಂಬುದನ್ನು ಅವನ ಕಂಕುಳಲ್ಲಿದ್ದ ಕಾಗದದ ಕಟ್ಟೇ ಸಾರುತ್ತಿತ್ತು. ಸಾಲದವನಾಗಿದ್ದರೆ ಬೇಗ ಕಳುಹಿಸಬಹುದಿತ್ತು.

ಹುಡುಗ ನಮ್ಮ ಹಳೆಯ ಪರಿಚಿತರ ಮಗ, ಭಾಲ್ಕಿಯವನು. ಪದವಿ ಮುಗಿಸಿ, ಮೂವರು ಸ್ನೇಹಿತರೊಡನೆ ಕೂಡಿ, ಅರ್ಧ ಗಂಟೆಯ ಟೆಲಿವಿಷನ್ ನಾಟಕವೊಂದನ್ನು ತಯಾರಿಸುವ ಹಂಬಲ ಹೊತ್ತು ತಿರುಗುತ್ತಿದ್ದಾನೆ. ವಾಹಿನಿಯವರು ಕೊಂಡರೆ ಟೆಲಿವಿಷನ್ನಿನಲ್ಲಿ, ಕೊಳ್ಳದಿದ್ದರೆ ಮೊಬೈಲಿನಲ್ಲಿ ತೋರಿಸುವರಂತೆ.

"ಕಾಕಾ, ಜರಾ ಓದಿ ಹೇಳ್ರಿ. ಕಾಮಿಡಿನೂ ಅದ, ಲವ್ವೂ ಅದ. ಆದ್ರ ಎರಡೂ ಕೂಡವಲ್ಲವು" ಎಂದ.

ಓದಿದೆ. ಕಥೆ ನಡೆಯುವುದು ಔರಾದಿನ ತಹಸೀಲು ಕಚೇರಿಯಲ್ಲಿ. ಮೈಸೂರಿನಿಂದ ವರ್ಗವಾಗಿ ಬಂದ ತರುಣ ಗುಮಾಸ್ತನೇ ನಾಯಕ. ಬೆಂಗಳೂರಿನಿಂದ ಬಂದ ಅಧಿಕಾರಿಣಿಯೊಬ್ಬಳು ನಾಯಿಕೆ. ಇವರಿಬ್ಬರೂ ಕಚೇರಿಯ ಹಿಂದಿನ ಬೇವಿನ ಮರದ ಕೆಳಗೆ ನಿಂತು, ಅಚ್ಚುಕಟ್ಟಾದ ಕನ್ನಡದಲ್ಲಿ ಪ್ರೇಮ ನಿವೇದಿಸಿಕೊಳ್ಳುತ್ತಾರೆ. ಅವರಿಗೆ ಬೇಸರವಾಗದಂತೆ, ಅಥವಾ ನೋಡುವವರಿಗೆ ಬೇಸರವಾಗದಂತೆ, ನಾಲ್ಕು ನಿಮಿಷಕ್ಕೊಮ್ಮೆ ಔರಾದಿನ ಜವಾನನೊಬ್ಬ ಬಂದು ಚಹಾ ಚೆಲ್ಲುತ್ತಾನೆ, ನಿದ್ದೆಯಲ್ಲಿ ಕುರ್ಚಿಯಿಂದ ಬೀಳುತ್ತಾನೆ, ಇಂಗ್ಲಿಷನ್ನು ತಿರುಚುತ್ತಾನೆ. ನಗೆಯೂ ಒಲವೂ ಮದುವೆಯ ಪಂಕ್ತಿಯಲ್ಲಿ ಮುನಿಸಿಕೊಂಡ ಬೀಗರಂತೆ ಒಂದೇ ಸಾಲಿನಲ್ಲಿ ಕುಳಿತೂ ಮುಖ ತಿರುಗಿಸಿಕೊಂಡಿದ್ದವು.

ನನಗೆ ಮೊದಲು ಹೊಳೆದ ದೋಷವಿದು: ಇಡೀ ನಾಟಕದಲ್ಲಿ ಯಾರೂ ಕೆಲಸ ಮಾಡುತ್ತಿರಲಿಲ್ಲ. ಸರಕಾರಿ ಕಚೇರಿಯ ಯಥಾರ್ಥ ಚಿತ್ರಣವೇ ಅದಲ್ಲವೆ ಎಂದು ವಾಚಕರು ನಗಬಹುದು. ಆದರೆ ಕೆಲಸಗಳ್ಳತನವನ್ನು ತೋರಿಸಬೇಕಾದರೂ ಕಳ್ಳತನಕ್ಕೊಂದು ಕೆಲಸ ಇರಬೇಕಷ್ಟೆ. ಇವನ ಕಥೆಯಿಂದ ಕಚೇರಿಯನ್ನು ಕಿತ್ತು ಅಲ್ಲಿ ಕಲ್ಯಾಣಮಂಟಪವನ್ನೋ ರೈಲು ನಿಲ್ದಾಣವನ್ನೋ ಇಟ್ಟಿದ್ದರೂ ಒಂದು ಮಾತನ್ನೂ ಬದಲಿಸಬೇಕಾಗಿರಲಿಲ್ಲ.

ಹಾಸ್ಯವು ಶೃಂಗಾರದಿಂದಲೇ ಹುಟ್ಟುವುದೆಂದು ಭರತಮುನಿಯು ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ಹೇಳಿದ್ದಾನೆ. ತಾಯಿಯನ್ನೂ ಮಗುವನ್ನೂ ಬೇರೆ ಬೇರೆ ಮನೆಯಲ್ಲಿಟ್ಟರೆ ಎರಡೂ ಅಳುತ್ತವೆ. ಕಾಳಿದಾಸನ 'ಮಾಲವಿಕಾಗ್ನಿಮಿತ್ರ'ವನ್ನು ನೋಡಿ. ಅದನ್ನು ಅರಮನೆಯ ಪ್ರಣಯವೆಂದು ನಾವು ಓದುತ್ತೇವೆ. ಆದರೆ ಅದರ ಕೀಲು ಇರುವುದು ಇಬ್ಬರು ಸಂಬಳದ ನೌಕರರ ಜಗಳದಲ್ಲಿ. ಗಣದಾಸ, ಹರದತ್ತ ಎಂಬ ಇಬ್ಬರು ನಾಟ್ಯಾಚಾರ್ಯರು. ತಮ್ಮಲ್ಲಿ ಹೆಚ್ಚಿನವರು ಯಾರೆಂಬ ಹಟ ಅವರದು. ಒಬ್ಬನಿಗೆ ರಾಣಿಯ ಕೃಪೆ, ಇನ್ನೊಬ್ಬನಿಗೆ ರಾಜನ ಕೃಪೆ. ಪ್ರತಿಯೊಂದು ಕಚೇರಿಯಲ್ಲೂ ಇಂಥ ಇಬ್ಬರನ್ನು ನಾವು ನೋಡಿದ್ದೇವೆ. ಇವರ ಜಗಳವನ್ನು ವಿದೂಷಕನು ಹಿಂದಿನಿಂದ ಊದಿ ದೊಡ್ಡದು ಮಾಡುತ್ತಾನೆ; ತೀರ್ಮಾನಕ್ಕಾಗಿ ಇಬ್ಬರ ಶಿಷ್ಯೆಯರೂ ಕುಣಿದು ತೋರಿಸಬೇಕೆಂದಾಗುತ್ತದೆ; ಹಾಗೆ, ರಾಣಿ ಬಚ್ಚಿಟ್ಟಿದ್ದ ಮಾಲವಿಕೆ ಗಣದಾಸನ ಶಿಷ್ಯೆಯಾಗಿ ರಾಜನ ಕಣ್ಣೆದುರಿಗೆ ಬಂದು ನಿಲ್ಲುತ್ತಾಳೆ. ನೌಕರರ ಮತ್ಸರವಿಲ್ಲದಿದ್ದರೆ ರಾಜನ ಪ್ರೇಮವಿಲ್ಲ.

ದೂರದ ದೇಶಗಳಲ್ಲೂ ಬಲ್ಲವರು ಇದನ್ನೇ ಮಾಡಿದ್ದಾರೆ. ೧೯೪೦ರಲ್ಲಿ ಲ್ಯೂಬಿಚ್ ಎಂಬ ನಿರ್ದೇಶಕನು 'ದಿ ಶಾಪ್ ಅರೌಂಡ್ ದಿ ಕಾರ್ನರ್' ಎಂಬ ಚಿತ್ರವನ್ನು ತೆಗೆದ. ಬುಡಾಪೆಸ್ಟ್ ನಗರದ ಒಂದು ಅಂಗಡಿ. ಹಾಡು ಹೇಳುವ ಸಿಗರೇಟು ಪೆಟ್ಟಿಗೆಯೊಂದನ್ನು ಯಾರೂ ಕೊಳ್ಳಲಾರರೆಂದು ಹಿರಿಯ ನೌಕರ ವಾದಿಸುತ್ತಿರುವಾಗಲೇ, ಕೆಲಸ ಹುಡುಕಿಕೊಂಡು ಬಂದ ಹುಡುಗಿ ಅದನ್ನು ಮಿಠಾಯಿ ಪೆಟ್ಟಿಗೆಯೆಂದು ಗಿರಾಕಿಗೆ ಮಾರಿಬಿಡುತ್ತಾಳೆ. ಅಂದಿನಿಂದ ಇಬ್ಬರಿಗೂ ಎಣ್ಣೆ ಸೀಗೆಕಾಯಿ. ಆದರೆ ಹೆಸರು ತಿಳಿಸದೆ ಅಂಚೆಯ ಮೂಲಕ ಇಬ್ಬರೂ ಪತ್ರ ಬರೆಯುತ್ತ ಮರುಳಾಗಿರುವುದು ಒಬ್ಬರಿಗೊಬ್ಬರು! ಇನ್ನು ೨೦೦೧ರಿಂದ ೨೦೦೩ರ ವರೆಗೆ ಇಂಗ್ಲೆಂಡಿನ ಬಿ.ಬಿ.ಸಿ.ಯಲ್ಲಿ ಬಂದ 'ದಿ ಆಫೀಸ್' ಎಂಬ ಮಾಲಿಕೆಯಲ್ಲಿ ಟಿಮ್ ಎಂಬ ನೌಕರ, ಪಕ್ಕದ ಮೇಜಿನವನ ಸ್ಟೇಪ್ಲರನ್ನು ಜೆಲ್ಲಿಯೊಳಗೆ ಹುದುಗಿಸಿಡುತ್ತಾನೆ. ಅದನ್ನು ಕಂಡು ಡಾನ್ ಎಂಬ ಹುಡುಗಿ ನಗುತ್ತಾಳೆ. ಬೇಸರದ ಕಚೇರಿಯಲ್ಲಿ ಇಬ್ಬರು ಕೂಡಿ ಮಾಡುವ ತುಂಟಾಟವೇ ಅವರ ಪ್ರೇಮಪತ್ರ. ಬೇವಿನ ಮರವೇ ಬೇಕಿಲ್ಲ.

ನಮ್ಮಲ್ಲಿಯೂ ಉದಾಹರಣೆಗಳಿಲ್ಲದಿಲ್ಲ. ಹಿಂದಿಯಲ್ಲಿ ೨೦೨೦ರಲ್ಲಿ ಬಂದ 'ಪಂಚಾಯತ್' ಮಾಲಿಕೆಯನ್ನು ಅನೇಕರು ನೋಡಿರಬಹುದು. ಪಟ್ಟಣದ ಹುಡುಗ ಮನಸ್ಸಿಲ್ಲದ ಮನಸ್ಸಿನಿಂದ ಹಳ್ಳಿಯ ಪಂಚಾಯತಿ ಕಾರ್ಯದರ್ಶಿಯಾಗಿ ಬರುತ್ತಾನೆ. ಎಂಟು ಕಂತುಗಳ ಮೊದಲ ಸರಣಿಯಲ್ಲಿ ನಾಯಿಕೆ ಕಣ್ಣಿಗೆ ಬೀಳುವುದು ಕೊನೆಯ ಕಂತಿನಲ್ಲಿ, ಅದೂ ನೀರಿನ ಟಾಕಿಯ ಮೇಲೆ. ಅಷ್ಟು ತಾಳ್ಮೆ ಅವರಿಗಿತ್ತು. ಕನ್ನಡದಲ್ಲಿ ಬೆಂಗಳೂರು ದೂರದರ್ಶನದ ಮೊದಮೊದಲ ದಿನಗಳ 'ಸಿಹಿ ಕಹಿ'ಯನ್ನು ಹಿರಿಯರು ಮರೆತಿರಲಾರರು. ಅದರಲ್ಲಿ ನಟಿಸಿದ ಚಂದ್ರು, ಗೀತಾ ಇಬ್ಬರ ಹೆಸರಿಗೂ ಆ ಸಿಹಿಕಹಿ ಇಂದಿಗೂ ಅಂಟಿಕೊಂಡಿದೆ. ಇಬ್ಬರೂ ಬಾಳಿನಲ್ಲಿಯೂ ಜೊತೆಯಾದರು. ಅವರ ಕೆಲಸವೇ ನಟನೆ. ನಗಿಸುವ ಕೆಲಸದ ಜೊತೆಗೇ ಒಲವೂ ಬಂದಿತೆಂದು ನಾನು ತಿಳಿದಿದ್ದೇನೆ. ಮುಂದೆ ಚಂದ್ರು ಅವರ 'ಪಾಪ ಪಾಂಡು', ಬಳಿಕ 'ಸಿಲ್ಲಿ ಲಲ್ಲಿ' ಮನೆಮನೆಯನ್ನೂ ನಗಿಸಿದವು. ಆದರೆ ಅವೆಲ್ಲ ಹೆಚ್ಚಾಗಿ ಸಂಸಾರದ ಹಾಸ್ಯ. ಮದುವೆಯಾದ ಮೇಲಿನ ಕಥೆ. ಕಚೇರಿಯ ನಗೆಯಿಂದ ಮೊಳೆಯುವ ಒಲವಿಗೆ ಕನ್ನಡ ಟೆಲಿವಿಷನ್ನಿನಲ್ಲಿ ಜಾಗ ಇನ್ನೂ ಬೇಕಾದಷ್ಟು ಉಳಿದಿದೆ ಎಂದು ಹುಡುಗನಿಗೆ ಹೇಳಿದೆ. ಅವನು ಹಿಗ್ಗಿದ.

ಇಷ್ಟು ಹೊತ್ತೂ ಒಳಗೆ ಹೆಸರುಬೇಳೆ ಆರಿಸುತ್ತ ಕುಳಿತಿದ್ದ ನನ್ನಾಕೆ, ಮೊರವನ್ನು ಕೈಯಲ್ಲಿ ಹಿಡಿದೇ ಹೊರಗೆ ಬಂದಳು. ಅವಳ ತವರು ಔರಾದು.

"ಯಾಕಪಾ, ಔರಾದದಾಗ ಯಾರೂ ಪ್ರೀತಿ ಮಾಡಂಗಿಲ್ಲೇನು? ನಗಸಲಕ್ಕ ನಾವು, ಪ್ರೀತಿ ಮಾಡಲಕ್ಕ ಬೆಂಗಳೂರವರು?"

ಹುಡುಗ ತಬ್ಬಿಬ್ಬಾದ. ನಾನೂ ಆದೆ, ಏಕೆಂದರೆ ಕಾಳಿದಾಸನನ್ನೂ ಲ್ಯೂಬಿಚ್ಚನನ್ನೂ ಕರೆತಂದಿದ್ದ ನನ್ನ ಕಣ್ಣಿಗೆ ಇದು ಬಿದ್ದೇ ಇರಲಿಲ್ಲ. ಕಾಗದಗಳನ್ನು ತಿರುವಿ ನೋಡಿದೆ. ಹೌದು. ನಮ್ಮ ಸೀಮೆಯ ಮಾತನ್ನಾಡುವವನು ಆ ಜವಾನನೊಬ್ಬನೇ. ಅವನು ಬಾಯಿ ತೆರೆದಾಗಲೆಲ್ಲ ಕಂಸದೊಳಗೆ 'ನಗು' ಎಂದು ಬರೆದಿತ್ತು. ಭಾಲ್ಕಿಯಲ್ಲಿ ಹುಟ್ಟಿ, ತಾಯಿಯೊಡನೆ ಇದೇ ಮಾತನ್ನಾಡಿ ಬೆಳೆದ ಹುಡುಗ, ಯಾರೂ ಹೇಳಿಕೊಡದಿದ್ದರೂ, ಪ್ರೇಮಕ್ಕೆ ಪರಸ್ಥಳದ ಭಾಷೆಯನ್ನೂ ನಗೆಗೆ ತನ್ನ ಭಾಷೆಯನ್ನೂ ಹಂಚಿಬಿಟ್ಟಿದ್ದ.

ಯಾರೂ ಹೇಳಿಕೊಡಲಿಲ್ಲವೆಂದರೆ ಅಷ್ಟು ಸರಿಯಲ್ಲ. ಸಿನಿಮಾ, ಟೆಲಿವಿಷನ್ನುಗಳಲ್ಲಿ ಉತ್ತರದ ಕನ್ನಡವನ್ನು ಅವನು ಹೆಚ್ಚಾಗಿ ಕೇಳಿದ್ದು ಅಡಿಗೆಯವನ, ಜವಾನನ, ಹಳ್ಳಿಗಮಾರನ ಬಾಯಲ್ಲಿ. ವಿಚಿತ್ರವೆಂದರೆ ಟೆಲಿವಿಷನ್ ಮೊದಲು ಬಂದದ್ದೇ ನಮ್ಮ ಕಡೆಗೆ. ೧೯೭೫ರ ಆಗಸ್ಟ್ ೧ರಿಂದ ಒಂದು ವರ್ಷ ಕಾಲ ಉಪಗ್ರಹದ ಮೂಲಕ ಆರು ರಾಜ್ಯಗಳ ೨೪೦೦ ಹಳ್ಳಿಗಳಿಗೆ ಟೆಲಿವಿಷನ್ ತೋರಿಸುವ ಪ್ರಯೋಗ ನಡೆದಾಗ ಅದರಲ್ಲಿ ನೆರೆಯ ಗುಲಬರ್ಗಾ ಜಿಲ್ಲೆಯೂ ಸೇರಿತ್ತು. ಅದರ ಕನ್ನಡ ಕಾರ್ಯಕ್ರಮಗಳು ತಯಾರಾದದ್ದು ಹೈದರಾಬಾದಿನಲ್ಲಿ. ೧೯೭೭ರಲ್ಲಿ ಗುಲಬರ್ಗಾದಲ್ಲಿ ದೂರದರ್ಶನ ಆರಂಭವಾಯಿತು. ಬೆಂಗಳೂರಿಗೆ ಅದು ಬಂದದ್ದು ೧೯೮೧ರಲ್ಲಿ. ಪೆಟ್ಟಿಗೆ ನಮ್ಮಲ್ಲಿಗೆ ಮೊದಲು ಬಂದರೂ ಅದರೊಳಗಿನ ನಾಯಕ ನಾಯಿಕೆಯರು ನಮ್ಮ ಮಾತನ್ನು ಕಲಿಯಲಿಲ್ಲ.

ಹಳೆಯ ಕವಿಗಳಿಗೆ ಈ ಮಡಿವಂತಿಕೆ ಇಷ್ಟಿರಲಿಲ್ಲ. ಸಂಸ್ಕೃತ ನಾಟಕಗಳಲ್ಲಿ ವಿದೂಷಕನು ಬ್ರಾಹ್ಮಣನಾದರೂ ಪ್ರಾಕೃತದಲ್ಲಿ ಮಾತನಾಡುತ್ತಾನೆ, ಜನ ನಗುತ್ತಾರೆ. ಆದರೆ ಶಕುಂತಲೆ ಮಾತನಾಡುವುದೂ ಪ್ರಾಕೃತದಲ್ಲಿಯೇ! ದುಷ್ಯಂತನ ಮುಂದೆ ಅವಳ ಒಲವು ಹೊರಬಿದ್ದುದು ಮನೆಮಾತಿನಲ್ಲಿ. ಇತ್ತೀಚಿನ ಮಾತಿಗೆ ಬಂದರೆ, ಬೇಂದ್ರೆಯವರು ಧಾರವಾಡದ ಓಣಿಯ ಕನ್ನಡದಲ್ಲಿ ಗಂಡಹೆಂಡಿರ ಪ್ರೀತಿಯನ್ನು ಹಾಡಿದಾಗ ಮೈಸೂರಿನವರೂ ತಲೆದೂಗಿದರೇ ಹೊರತು ಯಾರೂ ನಗಲಿಲ್ಲ.

ಭಾಲ್ಕಿಯವನಿಗೆ ಇದನ್ನು ಹೇಳಬೇಕಾಗಿ ಬಂದದ್ದೇ ನನಗೆ ಖೇದ. ನಿಜಾಮರ ಆಳ್ವಿಕೆಯಲ್ಲಿ ಕನ್ನಡ ಕಲಿಸುವುದೇ ಕಷ್ಟವಾಗಿದ್ದಾಗ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದೇವರು ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದರೆಂಬ ಸಂಗತಿ ಆ ಊರಿನ ಮಕ್ಕಳಿಗೂ ಗೊತ್ತು. ನಮ್ಮ ಹುಡುಗ ಅದನ್ನು ತಿರುವುಮುರುವು ಮಾಡಿದ್ದ: ಹೊರಗಿನ ಫಲಕದಲ್ಲಿ ಬೀದರ, ಭಾಲ್ಕಿ, ಔರಾದು, ಒಳಗೆ ಬೇರೆ ಊರಿನ ಮಾತು.

"ಅವನಿಗ್ಯಾಕ ಅಂತೀರಿ? ನೀವು ಬರಿಯೂದು ಯಾವ ಭಾಷಾದಾಗ?" ಎಂದು ನನ್ನಾಕೆ ಬಾಣವನ್ನು ನನ್ನತ್ತ ತಿರುಗಿಸಿದಳು. ಉತ್ತರವಿರಲಿಲ್ಲ. ನಿಶ್ಚಿತಾರ್ಥವಾದ ಹೊಸದರಲ್ಲಿ ಬೀದರದಿಂದ ಔರಾದಿಗೆ ನಾನು ಬರೆದ ಮೊದಲ ಪತ್ರ ನೆನಪಾಯಿತು. ಪ್ರಥಮ ದರ್ಶನದಿಂದಾರಭ್ಯ ನನ್ನ ಚಿತ್ತವು ಹೇಗಿತ್ತೆಂಬುದನ್ನು ಗ್ರಂಥಸ್ಥ ಭಾಷೆಯಲ್ಲಿ ನಿವೇದಿಸಿದ್ದೆ. ಅದು ಮಾವನವರ ಕೈಗೆ ಸಿಕ್ಕಿ, ಅವರು ಎರಡು ಸಾಲು ಓದಿ, ಭೂಕಂದಾಯದ ನೋಟೀಸಿರಬೇಕೆಂದು ಭಾವಿಸಿ, ಪಹಣಿಯ ಕಾಗದಗಳ ಜೊತೆಯಲ್ಲಿ ಭದ್ರವಾಗಿ ಎತ್ತಿಟ್ಟರಂತೆ. ನನ್ನಾಕೆಗೆ ಅದು ತಲುಪಿದ್ದು ಮದುವೆಯಾದ ಮೂರನೆಯ ವರ್ಷ, ಹೊಲದ ಪಾಲು ಆಗುವಾಗ. ಆ ಕಥೆಯನ್ನು ಕೇಳಿ ಹುಡುಗ ಮೊದಲ ಬಾರಿಗೆ ಮನಸಾರೆ ನಕ್ಕ. "ಕಾಕಾ, ಇದ ನಾಟಕ ಅಲ್ಲೇನ್ರಿ?" ಎಂದ.

ಪಹಣಿಯ ಮಾತು ಬಂದುದೇ ಒಳ್ಳೆಯದಾಯಿತು. ಮೂವರೂ ಕುಳಿತು ಔರಾದಿನ ತಹಸೀಲು ಕಚೇರಿಯಲ್ಲಿ ನಿಜವಾಗಿ ನಡೆಯಬಹುದಾದ ಕೆಲಸವೊಂದನ್ನು ಹುಡುಕಿದೆವು. ಹೆಸರಿನ ತಿದ್ದುಪಡಿ! ೧೯೫೬ಕ್ಕೆ ಮೊದಲು ಬೀದರ ಹೈದರಾಬಾದು ರಾಜ್ಯದಲ್ಲಿತ್ತು. ಕಂದಾಯದ ದಫ್ತರಗಳು ಹೆಚ್ಚಾಗಿ ಉರ್ದುವಿನಲ್ಲಿದ್ದವು. ಮಾಣಿಕ ಎಂಬುದು ನಮ್ಮಲ್ಲಿ ಮನೆಗೊಂದು ಇರುವ ಹೆಸರು. ಉರ್ದು ಲಿಪಿಯಲ್ಲಿ 'ಣ' ಇಲ್ಲ. ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದೂ ಇಲ್ಲ. ಆದ್ದರಿಂದ ಮಾಣಿಕನನ್ನು ಅಲ್ಲಿ ಬರೆದರೆ ಮುಂದೆ ಓದುವವನು ಮಾನಕನೆಂದೂ ಓದಬಹುದು, ಮಾನಿಕನೆಂದೂ ಓದಬಹುದು. ಗಡಿಯಾಚೆಯ ಮರಾಠಿ ಶಾಲೆಯ ದಾಖಲೆಯಲ್ಲಿ ಅವನು ಮತ್ತೆ ಮಾಣಿಕ. ಇಂಗ್ಲಿಷಿನಿಂದ ಕನ್ನಡಕ್ಕೆ ಇಳಿದ ಗುರುತಿನ ಚೀಟಿಯಲ್ಲಿ ಮನಿಕ್. ಈ ಶತಮಾನದ ಆರಂಭದಲ್ಲಿ 'ಭೂಮಿ' ಯೋಜನೆಯಲ್ಲಿ ಪಹಣಿಗಳೆಲ್ಲ ಗಣಕಯಂತ್ರಕ್ಕೆ ಸೇರಿದವು. ಮನುಷ್ಯ ಕಣ್ಣು ಮುಚ್ಚಿ ಒಪ್ಪುತ್ತಿದ್ದ ವ್ಯತ್ಯಾಸವನ್ನು ಯಂತ್ರ ಒಪ್ಪದು.

ಹೀಗೆ ಮೂರು ಹೆಸರಿನ ಒಬ್ಬ ಮುದಿ ರೈತ ತಾನು ತಾನೇ ಎಂದು ರುಜುವಾತು ಮಾಡಬೇಕು. ಮಾಡದಿದ್ದರೆ ಬೆಳೆವಿಮೆಯ ಹಣ ಕೈಗೆ ಬಾರದು. ಗಡುವಿಗೆ ಉಳಿದದ್ದು ಹದಿನೈದು ದಿನ. ಮೈಸೂರಿನ ಗುಮಾಸ್ತ ಇದ್ದೇ ಇದ್ದಾನೆ. ಬೀದರಕ್ಕೆ ವರ್ಗವೆಂದರೆ ಶಿಕ್ಷೆಯೆಂದು ನಂಬಿ, ಬಂದ ದಿನವೇ ಮರಳಿ ವರ್ಗ ಬೇಡಿ ಅರ್ಜಿ ಹಾಕಿದವನು. ಅವನಿಗೆ ನಿಯಮ ಗೊತ್ತು, ಊರಿನ ಮಾತು ತಿಳಿಯದು. ಬೆಂಗಳೂರಿನ ಅಧಿಕಾರಿಣಿಯನ್ನು ನನ್ನಾಕೆ ನಿರ್ದಾಕ್ಷಿಣ್ಯವಾಗಿ ಮನೆಗೆ ಕಳುಹಿಸಿದಳು. ಅವಳ ಬದಲು, ಪಹಣಿ ಕೊಡುವ ಕಿಟಕಿಯಲ್ಲಿ ಕುಳಿತಿರುವ ಔರಾದಿನ ಹುಡುಗಿ. ಮರಾಠಿ ಬಲ್ಲಳು, ಅಜ್ಜನಿಂದ ಉರ್ದು ಕಲಿತವಳು, ಮೂರು ಹೆಸರೂ ಒಬ್ಬನದೇ ಎಂದು ಅವಳೊಬ್ಬಳೇ ಓದಿ ಹೇಳಬಲ್ಲಳು.

ಕಡತ ಅವನ ಮೇಜಿನಿಂದ ಇವಳ ಕಿಟಕಿಗೆ ಹೋಗುತ್ತದೆ. 'ಪರಿಶೀಲಿಸಿ ಮಂಡಿಸಿ' ಎಂದು ಅವನ ಷರಾ. 'ಪರಿಶೀಲಿಸಿದೆ; ತಾವು ಕನ್ನಡಕ ಹಾಕಿಕೊಂಡು ನೋಡುವುದು' ಎಂದು ಇವಳ ಷರಾ. ಮೊದಲು ವಾರಕ್ಕೊಮ್ಮೆ, ಬಳಿಕ ದಿನಕ್ಕೊಮ್ಮೆ, ಕಡೆಗೆ ಮಧ್ಯಾಹ್ನದ ಚಹಾಕ್ಕೆ ಮೊದಲೇ ಮೂರು ಸಲ. ಆ ಕಚೇರಿಯಲ್ಲಿ ಇಷ್ಟು ಬೇಗ ಓಡಾಡಿದ ಕಡತವನ್ನೇ ಕಂಡರಿಯದ ತಹಸೀಲ್ದಾರರು ಇದರ ಹಿಂದೆ ಲಂಚವಿರಬೇಕೆಂದು ಶಂಕಿಸಿ ವಿಚಾರಣೆಗೆ ಆಜ್ಞಾಪಿಸುತ್ತಾರೆ. ಜವಾನನೂ ಇದ್ದಾನೆ, ಆದರೆ ಚಹಾ ಚೆಲ್ಲುವುದಿಲ್ಲ. ಕಡತ ಹೊತ್ತು ಅತ್ತಿತ್ತ ನಡೆಯುವವನು ಅವನೇ ಆದ್ದರಿಂದ ಒಳಗುಟ್ಟು ಎಲ್ಲರಿಗಿಂತ ಮೊದಲು ಅವನಿಗೆ ಗೊತ್ತು. ನಗುವವನು ಈಗ ಅವನು.

ಆಗ ನಾನು ಕೇಳಿದೆ: "ಕಡತ ಮುಗಿದು ಹೋದರೆ?"

ಹುಡುಗ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಮೆಲ್ಲಗೆ ಹೇಳಿದ: "ಅದೇ ತ್ರಾಸದ ಕಾಕಾ. ಮುಗೀತಂದ್ರ ಇವರಿಬ್ಬರಿಗೂ ಮಾತಾಡಲಕ್ಕ ನೆವ ಇರಂಗಿಲ್ಲ. ಮುಗೀಲಿಲ್ಲಂದ್ರ ಮುದುಕನ ರೊಕ್ಕ ಹೋಗ್ತದ."

ಬೀಗರಿಬ್ಬರೂ ಮುನಿಸು ಬಿಟ್ಟು ಮುಖ ತಿರುಗಿಸಿದ ಗಳಿಗೆ ಅದು. ಎರಡು ದಿನ ಹುಡುಗಿ ಇಲ್ಲದ ಆಕ್ಷೇಪಣೆಗಳನ್ನು ಹುಡುಕುತ್ತಾಳೆ, ಗುಮಾಸ್ತ ಅಲ್ಪವಿರಾಮಗಳನ್ನು ತಿದ್ದುತ್ತಾನೆ, ನೋಡುವವರು ನಗುತ್ತಾರೆ. ಮೂರನೆಯ ದಿನ ಮುದುಕ ಕಿಟಕಿಯ ಹೊರಗೆ ರೊಟ್ಟಿಗಂಟು ಬಿಚ್ಚಿ ನೆಲದ ಮೇಲೆ ಕುಳಿತಿರುವುದು ಅವಳಿಗೆ ಕಾಣುತ್ತದೆ. ಅಲ್ಲಿ ನಗು ನಿಲ್ಲುತ್ತದೆ. ಅವಳು ಕೊನೆಯ ಷರಾ ಬರೆದು, ಕಡತವನ್ನು ಜವಾನನ ಕೈಯಲ್ಲಿ ಕಳುಹಿಸದೆ ತಾನೇ ಒಯ್ದು ಅವನ ಮೇಜಿನ ಮೇಲಿಡುತ್ತಾಳೆ. ಅದೇ ದಿನದ ಟಪಾಲಿನಲ್ಲಿ ಅವನು ಬೇಡಿದ್ದ ಮೈಸೂರಿನ ವರ್ಗದ ಆಜ್ಞೆಯೂ ಬಂದಿರುತ್ತದೆ.

ಆಜ್ಞೆಯ ಕಾಗದವನ್ನು ಕೈಯಲ್ಲಿ ಹಿಡಿದ ಅವನಿಗೆ ಅವಳು ಏನು ಹೇಳಬೇಕು? ಇಲ್ಲಿ ಮೂವರೂ ಸಿಕ್ಕಿಬಿದ್ದೆವು. ನಾನು ಹೇಳಿಕೊಟ್ಟ ನಾಲ್ಕೈದು ಮಾತುಗಳನ್ನು ನನ್ನಾಕೆ ಮಾವನವರ ಪಹಣಿಯ ಕಟ್ಟಿಗೆ ಸೇರಿಸಬೇಕೆಂದಳು. ಹುಡುಗ ಬರೆದದ್ದನ್ನು ತಾನೇ ಹೊಡೆದುಹಾಕಿದ. ಮೊದಲ ದೃಶ್ಯ ಮಾತ್ರ ಚೆನ್ನಾಗಿ ಕೂತಿತ್ತು. ಅದರಲ್ಲಿ ಮುದುಕ ಕಚೇರಿಗೆ ಬಂದು "ಸಾಹೇಬ್ರ, ಜರಾ ನನ್ನ ಮಗನಿಗಿ ಫೋನ್ ಹಚ್ಚರಿ" ಎನ್ನುತ್ತಾನೆ. ದೀಪವನ್ನೂ ಒಲೆಯನ್ನೂ ಹಚ್ಚಿ ಗೊತ್ತಿರುವ ಮೈಸೂರಿನವನು ಫೋನನ್ನು ಬೆಂಕಿಯಿಂದ ಕಾಪಾಡುವವನಂತೆ ಎದೆಗವಚಿಕೊಳ್ಳುತ್ತಾನೆ.

ಐದು ಗಂಟೆಯಾಗುತ್ತ ಬಂದಿತ್ತು. ಭಾಲ್ಕಿಯ ಬಸ್ಸು ತಪ್ಪುವುದೆಂದು ಹುಡುಗ ಕಾಗದಗಳನ್ನು ಕಟ್ಟಿಕೊಂಡು ಎದ್ದ. ಮೆಟ್ಟಿಲಿಳಿದು ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ನನ್ನಾಕೆ, ಮನೆಯಿಂದ ಹೊರಡುವ ಮಕ್ಕಳಿಗೆಲ್ಲ ಹೇಳುವಂತೆ, ಬಾಗಿಲಲ್ಲಿ ನಿಂತು ಹೇಳಿದಳು:

"ಊರ ಮುಟ್ಟಿದ ಮ್ಯಾಲ ಫೋನ್ ಹಚ್ಚಪಾ."

ಹುಡುಗ ಒಂದು ಕಾಲಿಗೆ ಚಪ್ಪಲಿ ಹಾಕಿದವನು ಹಾಗೆಯೇ ನಿಂತ. ಅವಳ ಮುಖ ನೋಡಿದ. ಆಮೇಲೆ ಅಲ್ಲಿಯೇ ಮೆಟ್ಟಿಲ ಮೇಲೆ ಕುಳಿತು, ಕಾಗದದ ಕಟ್ಟು ಬಿಚ್ಚಿ, ಜೇಬಿನಲ್ಲಿ ಪೆನ್ನು ಹುಡುಕತೊಡಗಿದ. ಐದರ ಬಸ್ಸು ಹೋಯಿತು. ನನ್ನಾಕೆ ಮತ್ತೊಮ್ಮೆ ಚಹಾಕ್ಕೆ ನೀರಿಟ್ಟಳು.